ನನ್ನ ತೂಕದ ಬೆಲ್ಲ

ಹದಿನೇಳನೆಯ ವಯಸ್ಸಿನಲ್ಲಿ ನನ್ನನ್ನು ಪ್ರತಿ ಶನಿವಾರ ಕೊಬ್ಬರಿ ತೂಗುವ ತಕ್ಕಡಿಯಲ್ಲಿ ಕೂರಿಸಿ ತೂಗುತ್ತಿದ್ದರು. ಇದನ್ನು ಹೇಳಿದರೆ ಈಗಿನವರು ನಗುತ್ತಾರೆ. ಆಗಿನವರೂ ನಗುತ್ತಿದ್ದರು. ನನಗೆ ಆಗಲೂ ನಗು ಬರಲಿಲ್ಲ, ಈಗಲೂ ಬರುವುದಿಲ್ಲ. ಆ ತಕ್ಕಡಿಯ ಸರಪಳಿಯ ಸದ್ದು ನೆನಪಾದರೆ ಸಾಕು, ಇವತ್ತಿಗೂ ನನಗೆ ಮೈಯೆಲ್ಲ ಉರಿಯುತ್ತದೆ. ಹಳೆಯದನ್ನೆಲ್ಲ ಮರೆತುಬಿಡು ಎಂದು ಬುದ್ಧಿ ಹೇಳುವವರು ಒಮ್ಮೆ ಆ ತಟ್ಟೆಯಲ್ಲಿ ಮುದುಡಿ ಕೂತು ನೋಡಲಿ.

ನಮ್ಮ ಮನೆ ಇದ್ದದ್ದು ಕಾಪುವಿನಲ್ಲಿ. ಅಪ್ಪನಿಗೆ ಮುಂಬೈಯ ಹೋಟೆಲೊಂದರಲ್ಲಿ ಕೆಲಸ, ವರ್ಷಕ್ಕೊಮ್ಮೆ ಬರುತ್ತಿದ್ದರು. ಮನೆಯಲ್ಲಿ ನಾನು ಮತ್ತು ಅಮ್ಮ ಇಬ್ಬರೇ. ನಾನು ನಾಲ್ಕು ವರ್ಷದವಳಿದ್ದಾಗ ವಿಷಮಜ್ವರ ಬಂದು ಬದುಕುವ ಆಸೆಯೇ ಇರಲಿಲ್ಲವಂತೆ. ಆಗ ಅಮ್ಮ ಊರಿನ ದೇವಸ್ಥಾನಕ್ಕೆ ತುಲಾಭಾರದ ಹರಕೆ ಹೇಳಿಕೊಂಡರು. ದೊಡ್ಡ ತಕ್ಕಡಿಯ ಒಂದು ತಟ್ಟೆಯಲ್ಲಿ ನಾನು, ಇನ್ನೊಂದರಲ್ಲಿ ನನ್ನ ತೂಕದ ಬೆಲ್ಲ. ಬೆಲ್ಲ ದೇವರಿಗೆ, ನಾನು ಮನೆಗೆ. ನಾನು ಬದುಕಿದೆ. ಹರಕೆ ಮಾತ್ರ ಮುಂದಕ್ಕೆ ಹೋಯಿತು. ಒಂದು ವರ್ಷ ಮನೆಗೆ ಹಂಚು ಹೊದೆಸುವುದಿತ್ತು, ಒಂದು ವರ್ಷ ಸೂತಕ, ಇನ್ನೊಂದು ವರ್ಷ ಅಪ್ಪನಿಗೆ ರಜೆ ಸಿಗಲಿಲ್ಲ. ಹರಕೆ ಮುಂದಕ್ಕೆ ಹೋದಷ್ಟೂ ನಾನು ಬೆಳೆದೆ, ಎತ್ತರಕ್ಕಿಂತ ಅಗಲಕ್ಕೆ ಹೆಚ್ಚು.

ಹದಿನೇಳು ತುಂಬಿದಾಗ ಕಾರ್ಕಳದ ಕಡೆಯಿಂದ ಒಂದು ಸಂಬಂಧ ಬಂತು. ಉಡುಪಿಗೆ ಹೋಗಿ ಟೀಚರ್ ತರಬೇತಿ ಮಾಡುತ್ತೇನೆ ಎಂದು ನಾನು ಹೇಳಿದ್ದು ಯಾರ ಕಿವಿಗೂ ಬೀಳಲಿಲ್ಲ. ಹರಕೆ ಬಾಕಿ ಇಟ್ಟುಕೊಂಡು ಮದುವೆ ಮಾಡಬಾರದು ಎಂದು ಹಿರಿಯರು ಹೇಳಿದರು. ಅಂದರೆ ಮೊದಲು ತುಲಾಭಾರ ಆಗಬೇಕು. ಹುಡುಗನ ಮನೆಯವರು ಆ ದಿನವೇ ಬಂದು ಹುಡುಗಿಯನ್ನೂ ನೋಡಿಕೊಂಡು ಹೋಗುತ್ತೇವೆ ಎಂದು ಹೇಳಿ ಕಳುಹಿಸಿದರು. ಈ ಸುದ್ದಿ ಕೇಳಿ ಕಾರ್ಕಳದಿಂದ ಅಮ್ಮನ ತಂಗಿ, ನನ್ನ ಚಿಕ್ಕಮ್ಮ, ಹಾಲು ಕುಡಿಯುವ ಮಗಳನ್ನು ಸೊಂಟದಲ್ಲಿ ಎತ್ತಿಕೊಂಡು ಮರುದಿನದ ಬಸ್ಸಿಗೇ ಬಂದಿಳಿದರು.

"ಇವಳನ್ನು ಈ ಅವತಾರದಲ್ಲಿ ತಕ್ಕಡಿಯಲ್ಲಿ ಕೂರಿಸುವುದಾ? ನಿನಗೆ ತಲೆ ಸರಿ ಉಂಟಾ ಅಕ್ಕ? ಎರಡು ತಿಂಗಳು ನನ್ನ ಹತ್ತಿರ ಬಿಡು. ಇಳಿಸಿ ಕೊಡುತ್ತೇನೆ" ಎಂದರು.

ಅಮ್ಮ ಏನೂ ಹೇಳಲಿಲ್ಲ. ನನ್ನ ಎರಡು ಸೀರೆ ಮಡಚಿ ಚೀಲಕ್ಕೆ ಹಾಕಿದರು. ಆ ಮೌನಕ್ಕೆ ನಾನು ಅಮ್ಮನನ್ನು ಇನ್ನೂ ಪೂರ್ತಿ ಕ್ಷಮಿಸಿಲ್ಲ.

ಕಾರ್ಕಳದಲ್ಲಿ ಚಿಕ್ಕಪ್ಪನಿಗೆ ಜಿನಸಿನ ಅಂಗಡಿ, ಅದರ ಹಿಂದೆಯೇ ಮನೆ. ಹೋದ ದಿನವೇ ಅಂಗಡಿಯ ತಕ್ಕಡಿಯಲ್ಲಿ ನನ್ನ ತೂಕ ನೋಡಿದರು. ಆಗ ನಮ್ಮಲ್ಲಿ ರಾತಲಿನ ಲೆಕ್ಕ, ಕಿಲೋ ಇನ್ನೂ ಬಂದಿರಲಿಲ್ಲ. ನೂರ ಅರವತ್ತೈದು ರಾತಲು, ಈಗಿನ ಎಪ್ಪತ್ತೈದು ಕಿಲೋ. ಮೆಣಸು ಕೊಳ್ಳಲು ಬಂದಿದ್ದವರು ಮೆಣಸು ಮರೆತು ನಿಂತು ನೋಡಿದರು. ನೂರ ನಲವತ್ತಕ್ಕೆ ಇಳಿಯಬೇಕು ಎಂದು ಚಿಕ್ಕಮ್ಮನ ತೀರ್ಪಾಯಿತು. ನೂರ ನಲವತ್ತು ಎಲ್ಲಿಂದ ಬಂತೋ ದೇವರೇ ಬಲ್ಲ. ಅಷ್ಟಕ್ಕೇ ನಿಲ್ಲಲಿಲ್ಲ, ತುಲಾಭಾರದ ಬೆಲ್ಲವನ್ನೂ ಆ ದಿನವೇ ಸರಿಯಾಗಿ ನೂರ ನಲವತ್ತು ರಾತಲು ತೂಗಿಸಿ, ಗೋಣಿಚೀಲಗಳಿಗೆ ತುಂಬಿಸಿ, ಬಾಯಿ ಹೊಲಿಸಿ, ಅರಸಿನದ ಬೊಟ್ಟಿಟ್ಟು ಅಟ್ಟಕ್ಕೆ ಏರಿಸಿದರು. ದೇವರ ಹೆಸರಿಗೆ ಎತ್ತಿಟ್ಟದ್ದನ್ನು ಮತ್ತೆ ಬಿಚ್ಚಬಾರದು. ಇಲ್ಲದ ಹುಡುಗಿಯೊಬ್ಬಳ ತೂಕಕ್ಕೆ ಬೆಲ್ಲ ಕಟ್ಟಿಟ್ಟು, ಇದ್ದ ಹುಡುಗಿಗೆ ಅದರಷ್ಟಾಗು ಎಂದು ಹೇಳಿದ ಹಾಗಾಯಿತು.

ಬೆಳಿಗ್ಗೆ ಹುರುಳಿ ಬೇಯಿಸಿದ ನೀರು, ಮಧ್ಯಾಹ್ನ ಗಂಜಿಯ ತಿಳಿ, ಸಂಜೆ ಜೀರಿಗೆ ಕಷಾಯ. ದಿನಕ್ಕೆ ಎರಡು ಸಲ ಗೊಮ್ಮಟ ಬೆಟ್ಟದ ಮೆಟ್ಟಿಲು ಹತ್ತಿ ಇಳಿಯಬೇಕು. ಕಲ್ಲಿನ ಮೆಟ್ಟಿಲು, ಬರಿಗಾಲು, ಖಾಲಿ ಹೊಟ್ಟೆ. ಅರ್ಧಕ್ಕೆ ಬರುವಾಗ ಕಣ್ಣು ಕತ್ತಲೆ ಬರುತ್ತಿತ್ತು. ಮೇಲೆ ಹೋಗಿ ಕೂತರೆ ಸುತ್ತಲಿನ ಊರುಗಳೆಲ್ಲ ಕಾಣುತ್ತವೆ, ಚೆಂದವಾಗಿ ಉಂಟು ಎಂದು ಎಲ್ಲರೂ ಹೇಳುತ್ತಾರೆ. ನನಗೆ ಒಂದೂ ಕಂಡದ್ದಿಲ್ಲ. ನನ್ನ ತೊಡೆ ಕಾಣುತ್ತಿತ್ತು, ತೋಳು ಕಾಣುತ್ತಿತ್ತು. ಅವನ್ನು ಕುಯ್ದು ಅಲ್ಲೇ ಬಿಟ್ಟು ಬರೋಣ ಅನ್ನಿಸುತ್ತಿತ್ತು. ಚಿಕ್ಕಮ್ಮ ಕನ್ನಡಿಯ ಎದುರು ನಿಲ್ಲಿಸಿ "ನೋಡು, ನಾಚಿಕೆ ಆಗುವುದಿಲ್ವಾ?" ಎಂದು ಕೇಳಿದಾಗ ಆಗುತ್ತದೆ ಎನ್ನುತ್ತಿದ್ದೆ. ನಿಜವಾಗಿಯೂ ಆಗುತ್ತಿತ್ತು.

ಮೊದಲ ವಾರ ಆರು ರಾತಲು ಇಳಿದೆ. ಚಿಕ್ಕಮ್ಮ ಅಂಗಡಿಗೆ ಬಂದವರಿಗೆಲ್ಲ ಹೇಳಿದರು. ಎರಡನೆಯ ವಾರ ನಾನು ಅಟ್ಟ ಹತ್ತಿದೆ.

ಮಧ್ಯಾಹ್ನ ಚಿಕ್ಕಮ್ಮ ಊಟ ಮಾಡಿ ಅಡ್ಡಾಗುವ ಹೊತ್ತು. ಏಣಿ ಸದ್ದಾಗದ ಹಾಗೆ ಏರಿ, ಗೋಡೆಯ ಕಡೆಗಿದ್ದ ಗೋಣಿಯ ಹೊಲಿಗೆಯನ್ನು ಎರಡು ಬೆರಳು ಹೋಗುವಷ್ಟು ಬಿಡಿಸಿದೆ. ಒಂದು ತುಂಡು ಎಂದುಕೊಂಡವಳು ನಾಲ್ಕು ತಿಂದೆ. ಅಗಿಯಲಿಲ್ಲ, ನುಂಗಿದೆ. ರುಚಿಯೂ ಗೊತ್ತಾಗಲಿಲ್ಲ. ತಿಂದ ಮೇಲೆ ದೇವರ ಬೆಲ್ಲ ಕದ್ದೆನಲ್ಲ ಎಂದು ಅಳು ಬಂತು, ಅತ್ತ ಮೇಲೆ ಮತ್ತೆ ಹಸಿವಾಯಿತು. ಮಾರನೆಯ ದಿನ ಆ ಪಾಪಕ್ಕೆ ಗಂಜಿಯ ತಿಳಿಯನ್ನೂ ಬಿಟ್ಟೆ. ಅದರ ಮಾರನೆಯ ದಿನ ಇನ್ನೂ ಹೆಚ್ಚು ಕದ್ದೆ. ಹೀಗೆಯೇ ಎರಡು ತಿಂಗಳು. ನಿದ್ದೆ ಬಾರದಾಯಿತು, ಮುಟ್ಟು ನಿಂತಿತು, ಸುಮ್ಮನೆ ಕೂತಿದ್ದರೂ ಎದೆ ಹೊಡೆದುಕೊಳ್ಳುತ್ತಿತ್ತು. ತಕ್ಕಡಿಯಲ್ಲಿ ನನ್ನ ತಟ್ಟೆ ಮಾತ್ರ ಕೆಳಗೇ.

"ಗಾಳಿ ಕುಡಿದರೂ ಊದುವ ಜಾತಿ ಇದು" ಎಂದು ಚಿಕ್ಕಮ್ಮ ಕೈಚೆಲ್ಲಿದರು. ಕೊನೆಯ ಶನಿವಾರದ ಹಿಂದಿನ ದಿನ ಹರಳೆಣ್ಣೆ ಕುಡಿಸಿದರು. ದಿನವಿಡೀ ಹಿತ್ತಲಿಗೆ ಓಡಿದೆ. ಶನಿವಾರ ಇಬ್ಬರು ಹಿಡಿದುಕೊಂಡು ತಕ್ಕಡಿಗೆ ಏರಿಸಿದರು. ನೂರ ಐವತ್ತು. ಚಿಕ್ಕಮ್ಮನಿಗೆ ಅಷ್ಟೇ ಸಾಕಾಯಿತು. ಹತ್ತು ರಾತಲು ಬೆಲ್ಲವನ್ನು ಬೇರೆ ಕಟ್ಟಿಸಿ ಮೊದಲಿನ ಗೋಣಿಗಳ ಜೊತೆಗೆ ಕಾಪುವಿಗೆ ಕಳುಹಿಸಿದರು. ಗೋಣಿ ಬಿಚ್ಚಿ ನೋಡಲಿಲ್ಲ. ದೇವರದ್ದಲ್ವಾ!

ತುಲಾಭಾರಕ್ಕೆ ಇನ್ನೂ ಒಂದು ವಾರ ಇತ್ತು. ಆ ವಾರ ಅಮ್ಮನ ಮನೆಯಲ್ಲಿ ಅನ್ನ ಉಂಡೆ. ಬಡಿಸಿದಷ್ಟೂ ಉಂಡೆ. ಅಮ್ಮ ಬಡಿಸುತ್ತಲೇ ಇದ್ದರು, ಬಾಯಿ ಮಾತ್ರ ಬಿಡಲಿಲ್ಲ.

ಆ ದಿನ ದೇವಸ್ಥಾನದಲ್ಲಿ ಊರಿನವರು ಮೂವತ್ತು ನಲವತ್ತು ಮಂದಿ ಇದ್ದರು. ಎದುರಿಗೇ ಹುಡುಗನ ತಾಯಿ, ರೇಷ್ಮೆ ಸೀರೆಯ ಸೆರಗು ಹೊದ್ದು ಕೂತಿದ್ದರು. ನಾನು ಒಂದು ತಟ್ಟೆಯಲ್ಲಿ ಕೂತೆ. ಇನ್ನೊಂದು ತಟ್ಟೆಗೆ ಬೆಲ್ಲ ಸುರಿದರು. ಒಂದು ಗೋಣಿ, ಎರಡು ಗೋಣಿ, ಮೂರು. ಕೊನೆಗೆ ಆ ಹತ್ತು ರಾತಲಿನ ಕಟ್ಟನ್ನೂ ಇಟ್ಟರು. ನನ್ನ ತಟ್ಟೆ ನೆಲ ಬಿಟ್ಟು ಅಲುಗಲಿಲ್ಲ.

ಚಿಕ್ಕಮ್ಮ ಹತ್ತಿರ ಬಂದು ಹಲ್ಲು ಕಚ್ಚಿ, "ಉಸಿರು ಹಿಡಿ ಮಾರಾಯ್ತಿ" ಎಂದರು.

ಹಿಡಿದೆ. ಉಸಿರು ಹಿಡಿದರೆ ಮೈ ಹಗುರವಾಗುತ್ತದೆ ಎಂದು ನಂಬುವಷ್ಟು ನನ್ನ ಬುದ್ಧಿ ಕೆಟ್ಟಿತ್ತು. ಆಗ ಹುಡುಗನ ತಾಯಿ ಪಕ್ಕದವರಿಗೆ ಹೇಳುವ ಹಾಗೆ ಎಲ್ಲರಿಗೂ ಕೇಳಿಸಿದರು. "ನಮ್ಮ ಮನೆಯ ಮಹಡಿ ಮರದ್ದು. ಎಂತ ಮಾಡುವುದು ಅಂತ ಯೋಚನೆ." ಜನ ನಕ್ಕರು. ನಗು ಸುತ್ತ ಹಬ್ಬಿಕೊಂಡೇ ಹೋಯಿತು. ಚಿಕ್ಕಮ್ಮನೂ ನಕ್ಕರು.

ನಾನು ಹಿಡಿದಿದ್ದ ಉಸಿರು ಬಿಟ್ಟೆ. "ಬೆಲ್ಲ ನಾನು ತಿಂದದ್ದು" ಎಂದೆ. ಸ್ವರ ಅಷ್ಟು ದೊಡ್ಡದಾಗಿ ಹೊರಟಿತೆಂದು ನನಗೇ ಆಶ್ಚರ್ಯವಾಯಿತು. "ಅಟ್ಟದಿಂದ ಕದ್ದು ತಿಂದೆ. ಹಸಿವೆ ಆಗಿತ್ತು. ದಿನಾ ಹಸಿವೆ ಆಗಿತ್ತು."

ನಗು ನಿಂತಿತು. ದೇವರ ಬೆಲ್ಲ ಎಂದು ಯಾರೋ ಕೆನ್ನೆ ಬಡಿದುಕೊಂಡರು. ಚಿಕ್ಕಮ್ಮ ನನ್ನ ರಟ್ಟೆ ಹಿಡಿದು ಎಬ್ಬಿಸಲು ಬಂದರು. ಆಗ ಅಮ್ಮ ಅಡ್ಡ ನಿಂತರು. ಎರಡು ತಿಂಗಳು ಮಾತಾಡದ ಅಮ್ಮ.

"ಕೈ ಬಿಡು. ಕೂತವರು ತೂಕ ಸರಿಯಾಗದೆ ಏಳಲಿಕ್ಕಿಲ್ಲ. ಹರಕೆ ಹೇಳಿದ್ದು ನಾನು, ನೀನಲ್ಲ" ಎಂದರು. ಮತ್ತೆ ಹುಡುಗನ ತಾಯಿಯ ಕಡೆಗೆ ತಿರುಗಿದರು. "ನಾಲ್ಕು ವರ್ಷದಲ್ಲಿ ಇವಳು ಎಲುಬಿನ ಗೂಡಾಗಿದ್ದಳು. ಎತ್ತಿಕೊಂಡರೆ ಕೈಯಲ್ಲಿ ಎಂತದೂ ಇಲ್ಲದ ಹಾಗೆ. ನಾನು ಆ ದಿನ ಇಲ್ಲಿ ನಿಂತು ಕೇಳಿದ್ದು ಇದನ್ನೇ, ಇವಳ ಮೈ ತುಂಬಿ ಕೊಡು ಅಂತ. ದೇವರು ಕೊಟ್ಟಿದ್ದಾರೆ. ಈಗ ಎಂತ, ಹೆಚ್ಚಾಯಿತು, ವಾಪಸು ತಕೊಳ್ಳಿ ಅಂತ ಹೇಳಬೇಕಾ?"

ಹೇಳಿದವರೇ ಸೆರಗು ಸೊಂಟಕ್ಕೆ ಸಿಕ್ಕಿಸಿ ಬೆಲ್ಲ ತರಲು ಪೇಟೆಗೆ ಹೊರಟರು.

ಹೋಗಿ ಬರಲು ಅರ್ಧ ಗಂಟೆಯಾದರೂ ಬೇಕು. ಅಷ್ಟು ಹೊತ್ತು ನಾನು ಆ ತಟ್ಟೆಯಲ್ಲಿ ಕೂತಿದ್ದೆ. ಮೊದಲು ತಲೆ ತಗ್ಗಿಸಿ ಅತ್ತೆ. ಅಳು ಮುಗಿದ ಮೇಲೆ ಸಿಟ್ಟು ಬಂತು. ಚಿಕ್ಕಮ್ಮನ ಮೇಲೆ ಬಂತು, ಮರದ ಮಹಡಿಯವರ ಮೇಲೆ ಬಂತು. ಎಲ್ಲರಿಗಿಂತ ಹೆಚ್ಚಾಗಿ ಅಮ್ಮನ ಮೇಲೆ ಬಂತು. ಈ ಮಾತು ಅಷ್ಟು ದಿನ ಎಲ್ಲಿ ಅಡಗಿಸಿಟ್ಟಿದ್ದೆ ಅಮ್ಮ? ಮೊದಲೇ ಒಮ್ಮೆ ನನ್ನ ಕಿವಿಯಲ್ಲಿ ಹೇಳಿದ್ದರೆ ನಿನ್ನ ಗಂಟು ಏನು ಹೋಗುತ್ತಿತ್ತು? ಆಶ್ಚರ್ಯವೆಂದರೆ ಆ ಅರ್ಧ ಗಂಟೆಯಲ್ಲಿ ನನ್ನ ಮೈಯ ಮೇಲೆ ಮಾತ್ರ ಸಿಟ್ಟು ಬರಲಿಲ್ಲ. ಎಷ್ಟೋ ದಿನಗಳಲ್ಲಿ ಅದೇ ಮೊದಲು. ನನ್ನ ಕೈ ನೋಡಿಕೊಂಡೆ, ಕಾಲು ನೋಡಿಕೊಂಡೆ. ಖಾಲಿ ಹೊಟ್ಟೆಯಲ್ಲಿ ಬೆಟ್ಟ ಹತ್ತಿದ ಕಾಲುಗಳು. ನಾಲ್ಕು ವರ್ಷದಲ್ಲೇ ಸುಟ್ಟು ಬೂದಿಯಾಗಬೇಕಿದ್ದ ಮೈ ಇದು, ಇಲ್ಲೇ ಉಂಟು, ಬೆಚ್ಚಗೆ ಉಂಟು ಅನ್ನಿಸಿತು. ತಲೆ ಎತ್ತಿ ಹುಡುಗನ ತಾಯಿಯನ್ನು ನೋಡಿದೆ. ಅವರು ಬೇರೆ ಕಡೆ ನೋಡಿದರು. ಅಮ್ಮ ಬೆವರಿಕೊಂಡು ಬಂದು ಕೈಯಾರೆ ಬೆಲ್ಲ ಇಟ್ಟರು. ನನ್ನ ತಟ್ಟೆ ನೆಲ ಬಿಟ್ಟಿತು.

ಆ ಸಂಬಂಧ ಮುರಿಯಿತು. ನಾನು ಉಡುಪಿಗೆ ತರಬೇತಿಗೆ ಹೋದೆ, ಆಮೇಲೆ ಏಳೆಂಟು ವರ್ಷ ಬೇರೆ ಊರುಗಳಲ್ಲಿ ಕಲಿಸಿ ಕುಕ್ಕುಂದೂರಿಗೆ ಟೀಚರಾಗಿ ಬಂದೆ. ಆದರೆ ಮಾತು ಅಷ್ಟಕ್ಕೇ ಮುಗಿಯುವುದಿಲ್ಲ. ತರಬೇತಿಯ ಹಾಸ್ಟೆಲಿನಲ್ಲಿ ಬೇಡವೆನ್ನುವವರು ಯಾರೂ ಇಲ್ಲದಿದ್ದರೂ ಒಂದು ವರ್ಷ ದಿಂಬಿನ ಕೆಳಗೆ ಅವಲಕ್ಕಿ ಅಡಗಿಸಿಟ್ಟು ಕದ್ದು ತಿನ್ನುತ್ತಿದ್ದೆ. ಮುಟ್ಟು ಸರಿಯಾಗದ್ದಕ್ಕೆ ಮಣಿಪಾಲದಲ್ಲಿ ಒಬ್ಬರು ಡಾಕ್ಟರಮ್ಮನಿಗೆ ತೋರಿಸಿದೆ. ತೂಕ ನೋಡುತ್ತಾರೆಂದು ಹೆದರಿ ಹೋದರೆ ಅವರು ಕೇಳಿದ್ದು, ನಿದ್ದೆ ಬರುತ್ತದಾ, ಊಟ ಮಾಡುವಾಗ ಹೆದರಿಕೆ ಆಗುತ್ತದಾ ಎಂದು. ಬೆಲ್ಲದ ಕತೆ ಪೂರ್ತಿ ಕೇಳಿಸಿಕೊಂಡು, "ಎಷ್ಟು ಬೇಕಾದರೂ ತಿನ್ನಿ. ಕದ್ದು ಮಾತ್ರ ತಿನ್ನಬೇಡಿ. ನಾಲ್ಕು ಜನರ ಎದುರು ಕೂತು ತಿನ್ನಿ" ಎಂದರು. ಔಷಧವನ್ನೂ ಕೊಟ್ಟರು, ಆದರೆ ನನಗೆ ಹಿಡಿದದ್ದು ಆ ಮಾತು.

ಕುಕ್ಕುಂದೂರಿನಿಂದ ಕಾರ್ಕಳದ ಬೆಟ್ಟ ದೂರವಿಲ್ಲ. ಹೊಟ್ಟೆ ತುಂಬ ಉಂಡು, ಶಾಲೆ ಮುಗಿಸಿ, ನನಗೆ ಮನಸ್ಸು ಬಂದ ಸಂಜೆ ಅದೇ ಮೆಟ್ಟಿಲು ಹತ್ತಲು ಶುರು ಮಾಡಿದೆ. ಸುತ್ತಲಿನ ಊರುಗಳು ಆಗ ಕಂಡವು. ಎರಡು ವರ್ಷದಲ್ಲಿ ರವಿಕೆಗಳು ಸಡಿಲವಾದವು. ತೂಕ ಎಷ್ಟಿತ್ತೋ ಗೊತ್ತಿಲ್ಲ, ನಾನು ಮತ್ತೆ ತಕ್ಕಡಿ ಹತ್ತಿದವಳಲ್ಲ. ತೆಳ್ಳಗಂತೂ ಆಗಲಿಲ್ಲ.

ಆದರೆ ಚಿಕ್ಕಮ್ಮನ ಕಣ್ಣು ಆ ಸಡಿಲ ರವಿಕೆಯನ್ನು ಬಿಡಲಿಲ್ಲ. ಒಂದು ಭಾನುವಾರ ನನ್ನ ಬಾಡಿಗೆ ಮನೆಗೆ ಬಂದರು, ಜೊತೆಗೆ ಹದಿಮೂರು ವರ್ಷದ ಅವರ ಮಗಳು. ನನ್ನನ್ನು ತೂಗುತ್ತಿದ್ದ ಕಾಲಕ್ಕೆ ಚಿಕ್ಕಮ್ಮನ ಮಡಿಲಲ್ಲಿ ಹಾಲು ಕುಡಿಯುತ್ತಿದ್ದ ಮಗು ಈಗ ದುಂಡಗೆ ಬೆಳೆದು, ಬಾಗಿಲಲ್ಲಿ ಗೋಡೆಗೆ ಅಂಟಿಕೊಂಡು ನಿಂತಿತ್ತು.

"ನೀನು ಇಳಿದೆಯಲ್ಲ, ಇವಳನ್ನೂ ಸ್ವಲ್ಪ ಇಳಿಸಿ ಕೊಡು ಮಗಾ. ರಜೆಯಲ್ಲಿ ಇಲ್ಲೇ ಇರಲಿ. ನಿನಗೆ ಗೊತ್ತುಂಟಲ್ಲ, ಹುರುಳಿ ನೀರು, ಬೆಟ್ಟ..." ಎಂದರು ಚಿಕ್ಕಮ್ಮ. ನಾಚಿಕೆಯಿಲ್ಲದೆ, ಪ್ರೀತಿಯಿಂದಲೇ ಹೇಳಿದರು. ಅದೇ ನನಗೆ ತಡೆಯಲಾಗಲಿಲ್ಲ.

ಎದ್ದು ಒಳಗೆ ಹೋಗಿ, ಬಂದವರಿಗೆ ಕೊಡುವ ಹಾಗೆ ನೀರು ಮತ್ತು ಬೆಲ್ಲ ತಂದೆ. ತಟ್ಟೆಯನ್ನು ಮೊದಲು ಹುಡುಗಿಯ ಎದುರು ಹಿಡಿದೆ. ಅವಳು ತಾಯಿಯ ಮುಖ ನೋಡಿದಳು. ಬೇಡ ಎಂದು ತಲೆಯಾಡಿಸಿದಳು. ಚಿಕ್ಕಮ್ಮ ಚೊಂಬು ಎತ್ತಿ ನೀರು ಕುಡಿಯುತ್ತಿದ್ದಾಗ ಅವಳ ಕೈ ತಟ್ಟನೆ ಬಂದು ದೊಡ್ಡದೊಂದು ತುಂಡು ಎತ್ತಿ ಲಂಗದ ಮಡಿಕೆಯೊಳಗೆ ಸೇರಿಸಿಕೊಂಡಿತು. ಎಷ್ಟು ಪಳಗಿದ ಕೈ! ಮಗು ನನ್ನನ್ನು ನೋಡಿ ಹೆದರಿ ಬಿಳುಚಿಕೊಂಡಿತು.

ನಾನು ಅವಳ ಪಕ್ಕ ನೆಲದ ಮೇಲೆ ಕೂತೆ. ಚಿಕ್ಕಮ್ಮ ಚೊಂಬು ಕೆಳಗಿಡುವವರೆಗೂ ಕಾದೆ.

"ತೆಗಿ ಮಗಾ ಅದನ್ನು" ಎಂದೆ. "ಇಲ್ಲೇ ತಿನ್ನು. ನಿನ್ನ ಅಮ್ಮ ನೋಡಲಿ."