ಪಾಸ್‌ವರ್ಡ್ ಕೊಡದ ಅಕ್ಕೋರು

ಅಕ್ಕೋರ ಮುಂದಿನ ಹಲ್ಲೊಂದರ ಮೂಲೆ ಮುರಿದಿತ್ತು. ಯಾರಿಗಾದರೂ ಇಲ್ಲ ಅನ್ನಬೇಕಾದರೆ ಮೊದಲು ಅವರ ನಾಲಿಗೆಯ ತುದಿ ಆ ಮುರಿದ ಜಾಗವನ್ನು ಮುಟ್ಟಿ ಬರುತ್ತಿತ್ತು, ಆಮೇಲೆ ಮಾತು. ಜಹೀರಾಬಾದಿನ ನಮ್ಮ ಆಫೀಸಿನಲ್ಲಿ ನಾಲಿಗೆ ಅಲ್ಲಾಡಿದ್ದು ಕಂಡೇ ಎಷ್ಟೋ ಜನ ಫೈಲು ಎತ್ತಿಕೊಂಡು ಎದ್ದು ಹೋಗುತ್ತಿದ್ದರು. ಹಲ್ಲು ಹೇಗೆ ಮುರಿಯಿತು ಅಂತ ಕೇಳಿದರೆ ಒಬ್ಬೊಬ್ಬರಿಗೆ ಒಂದೊಂದು ಕತೆ. ನನಗೆ ಹೇಳಿದ್ದು ಇದು: "ಸಣ್ಣಾಕಿ ಇದ್ದಾಗ ಅಣ್ಣನ ಕೈ ಕಚ್ಚಾಕ ಹೋಗಿದ್ದೆ, ಅವನ ಕಡಗ ಅಡ್ಡ ಬಂತು." ನಾನು ಇದನ್ನೇ ನಂಬಿಕೊಂಡಿದ್ದೇನೆ.

ಮೊದಲು ಅವರು ಶಾಲೆಯೊಂದರಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದರು. ಕುರಿ ಸಾಕುವವರ ಸಂಘಕ್ಕೆ ಬಂದು ಅಲ್ಲಿಯ ಕಂಪ್ಯೂಟರ್ ಕೆಲಸಕ್ಕೆಲ್ಲ ಮುಖ್ಯಸ್ಥೆಯಾದ ಮೇಲೂ ಎಲ್ಲರ ಬಾಯಲ್ಲಿ ಅಕ್ಕೋರಾಗಿಯೇ ಉಳಿದರು. ನಾನು ನ್ಯಾಲ್ಕಲ್ ಕಡೆಯ ಕುರಿಗಾರನ ಮಗಳು. ಪ್ರೋಗ್ರಾಂ ಬರೆಯುವ ಕೆಲಸಕ್ಕೆ ಸೇರಿದ ದಿನ ಅವರು ಕೇಳಿದ್ದು ಒಂದೇ ಮಾತು: "ನಿಮ್ಮಪ್ಪ ಸಂಘದಾಗ ಮೆಂಬರ್ ಇದ್ದಾನೇನವಾ?" ಹೌದು ಅಂದೆ. "ಹಂಗಾದ್ರ ಛಲೋ ಆತು. ಇಲ್ಲಿ ಏನು ಮಾಡಿದ್ರೂ ಅವನ ಮಾರಿ ನೆಪ್ಪಿಟ್ಟು ಮಾಡು."

ನೀರು ಕುಡಿಯಲು ಎದ್ದರೂ ಅವರು ಕಂಪ್ಯೂಟರ್ ಲಾಕ್ ಮಾಡಿಯೇ ಏಳುವವರು. "ಯಾವ ಕಳ್ಳರು ಬಂದಾರ್ರೀ ಅಕ್ಕೋರೆ?" ಅಂತ ಯಾರಾದರೂ ಕಿಚಾಯಿಸಿದರೆ, "ನೀವು ಬಂದೀರಲ್ಲ" ಅನ್ನುವರು. ನಮ್ಮ ಕಡೆ ಇದು ತಮಾಷೆಯಲ್ಲ, ಸೊಕ್ಕು. ಹೊಲಕ್ಕೆ ಹೋಗುವಾಗ ಮನೆ ಕೀಲಿಯನ್ನು ಪಕ್ಕದ ಮನೆಗೆ ಕೊಟ್ಟು ಹೋಗುವ ಜನ ನಾವು. ಸಂಘದ ಇಮೇಲಿನ ಪಾಸ್‌ವರ್ಡಿಗೂ ಅದೇ ಪದ್ಧತಿ. ಅದು ನಾರಾಯಣಖೇಡದ ಶಾಖೆಗೆ ಗೊತ್ತು, ತಾಂಡೂರಿನ ಶಾಖೆಗೆ ಗೊತ್ತು, ಜೀಪಿನ ಡ್ರೈವರನಿಗೂ ಗೊತ್ತು. ಆ ಇಮೇಲಿನೊಳಗೆ ಪ್ರತಿಯೊಬ್ಬ ಕುರಿಗಾರನ ಆಧಾರ್ ಪ್ರತಿ, ಪಾಸ್‌ಬುಕ್ಕಿನ ಫೋಟೊ, ಜಮೀನಿನ ಕಾಗದ ಇದ್ದವು. ನನ್ನಪ್ಪನವೂ ಇದ್ದವು.

ಜಗಳ ಶುರುವಾಗಿದ್ದು ನಮ್ಮ ಪ್ರೋಗ್ರಾಂ ಕ್ಲೌಡಿಗೆ ಹೋದ ಮೇಲೆ. ಯಾವ ಹಿಂಡಿಗೆ ಲಸಿಕೆ ಆಗಿದೆ, ಯಾವುದು ಮಾರಾಟಕ್ಕಿದೆ ಅಂತ ಹೈದರಾಬಾದಿನ ಖರೀದಿದಾರರಿಗೆ ಇಮೇಲ್ ಕಳಿಸುವುದು ಅದರ ಕೆಲಸ. ಆಫೀಸಿನ ಮೂಲೆಯ ಕಂಪ್ಯೂಟರಿನಲ್ಲಿದ್ದಾಗ ಕರೆಂಟಿನ ಜೊತೆ ಅದೂ ಹೋಗುತ್ತಿತ್ತು. ಹಾಗಾಗಿ ದೊಡ್ಡ ಕಂಪನಿಯೊಂದರ ಬಾಡಿಗೆ ಸರ್ವರಿಗೆ ಸಾಗಿಸಿದೆವು. ಉಳಿದದ್ದೆಲ್ಲ ಓಡಿತು, ಇಮೇಲ್ ಮಾತ್ರ ನಿಂತಿತು. ಬಾಡಿಗೆಗೆ ಬಂದವರು ಕಂಡಕಂಡವರಿಗೆ ಕಸದ ಮೇಲ್ ತೂರಬಾರದು ಅಂತ ಕಂಪನಿಯವರು ನೇರ ದಾರಿಯನ್ನು ಮುಚ್ಚಿಟ್ಟಿರುತ್ತಾರೆ. ಮೇಲ್ ಕಳಿಸುವ ಸೇವೆಯೊಂದನ್ನು ಹಿಡಿದು, ವಿಳಾಸ ನಮ್ಮದೇ ಅಂತ ಸಾಬೀತು ಮಾಡಿ, ಪ್ರೋಗ್ರಾಮಿಗೆಂದೇ ಬೇರೆ ಕೀಲಿ ಪಡೆಯಬೇಕು. ಅದಕ್ಕೆ ದಿನ ಹಿಡಿಯುತ್ತದೆ. ಬಕ್ರೀದ್ ಹತ್ತಿರ ಬಂದಿತ್ತು, ಕುರಿಗೆ ಬೆಲೆ ಬರುವುದೇ ಆಗ.

ಸಂಘದ ಸೆಕ್ರೆಟರಿ ಬಂದು ಕುರ್ಚಿ ಎಳೆದು ಕೂತರು. "ನಮ್ಮ ಇಮೇಲಿನ ಪಾಸ್‌ವರ್ಡ್ ಪ್ರೋಗ್ರಾಂದಾಗೇ ಬರ್ದುಬಿಡ್ರಿ ಅಕ್ಕೋರೆ. ಮೇಲ್ ಹೋಗ್ತಾವ."

ಅವರು ಹೇಳಿದ್ದು ಸುಳ್ಳಲ್ಲ, ಹೋಗುತ್ತಿದ್ದವು. ಆದರೆ ಆ ಪ್ರೋಗ್ರಾಮಿನ ಪ್ರತಿ ಎರಡು ಶಾಖೆಗಳಲ್ಲಿತ್ತು, ಕಂಪ್ಯೂಟರ್ ರಿಪೇರಿಯ ಗುತ್ತಿಗೆ ಹಿಡಿದವರ ಬಳಿಯೂ ಇತ್ತು. ಅದನ್ನು ತೆರೆದವರಿಗೆಲ್ಲ ಕುರಿಗಾರರ ಕಾಗದಗಳೂ ತೆರೆದುಕೊಳ್ಳುತ್ತಿದ್ದವು.

ಅಕ್ಕೋರ ನಾಲಿಗೆ ಹಲ್ಲಿಗೆ ಹೋಗಿ ಬಂತು. "ಬರಿಯಂಗಿಲ್ರಿ. ಪ್ರೋಗ್ರಾಂಗ ಮೇಲ್ ಕಳಸೋದಷ್ಟೇ ಕೆಲಸ. ಒಳಗ ಹೊಕ್ಕು ಮಂದಿ ಕಾಗದ ಓದೋ ಹಕ್ಕು ಅದಕ್ಕ ಯಾಕ ಬೇಕು?"

"ನಮ್ ಮ್ಯಾಲ ಭರೋಸಾ ಇಲ್ಲೇನ್ರಿ?"

ನಮ್ಮ ಕಡೆ ಈ ಪ್ರಶ್ನೆ ಬಂದರೆ ಯಾರಾದರೂ ಮೆತ್ತಗಾಗುತ್ತಾರೆ. ಅಕ್ಕೋರು ಆಗಲಿಲ್ಲ. "ಹಳೇ ಪಾಸ್‌ವರ್ಡ್ ಮುಂಜಾನಿನೇ ಬದಲ ಮಾಡೀನಿ ಸಾಹೇಬ್ರ. ಇನ್ನ ಮೆಂಬರ್ ಮಂದಿ ಹೇಳಿದ್ರಷ್ಟೇ ಕೊಡಾಕಿ."

ಸೆಕ್ರೆಟರಿ ನಾರಾಯಣಖೇಡದಲ್ಲಿ ಸಭೆ ಕರೆದರು. ಸಿರ್ಗಾಪುರ, ನಾಗಲಗಿದ್ದ ಕಡೆಯಿಂದ ಕುರಿಗಾರರು ಬಂದಿದ್ದರು, ನನ್ನಪ್ಪನೂ ಬಂದಿದ್ದ. "ಈ ಹೆಣ್ಮಗಳು ನಮ್ಮನ್ನೆಲ್ಲ ಕಳ್ಳರು ಅಂತಾಳ. ಈಕೀನ ಕೆಲಸದಿಂದ ತೆಗೀಬೇಕು" ಅಂದರು ಸೆಕ್ರೆಟರಿ. ಜನ ಗುಜುಗುಜು ಶುರುಮಾಡಿದರು.

ಅಕ್ಕೋರು ಕ್ಲೌಡಿನ ಮಾತನ್ನೇ ಎತ್ತಲಿಲ್ಲ. "ಅಣ್ಣತಮ್ಮಂದಿರ ಕುರಿ ಒಂದೇ ಹಟ್ಟ್ಯಾಗ ಇರ್ತಾವ, ಹೌದಿಲ್ರಿ? ಮತ್ತ ಇಬ್ಬರಿಗೂ ಒಂದೇ ಗುರ್ತಾ ಯಾಕ ಹಾಕಂಗಿಲ್ಲ? ತಮ್ಮ ಕಳ್ಳ ಅದಾನೇನು?"

ಕುರಿಯ ಬೆನ್ನಿಗೆ ಬಣ್ಣದ ಗುರುತು ಹಾಕುವ ವಿಷಯದಲ್ಲಿ ನಮ್ಮವರು ಬಲು ಬಿಗಿ. ಕೊಡಲಿ ಕೊಡುತ್ತಾರೆ, ಬೈಕು ಕೊಡುತ್ತಾರೆ, ತಮ್ಮ ಗುರುತನ್ನು ಮಾತ್ರ ಒಡಹುಟ್ಟಿದವನಿಗೂ ಹಾಕಗೊಡುವುದಿಲ್ಲ. ಸಭೆಯಲ್ಲಿ ಎಂದೂ ಬಾಯಿ ತೆರೆಯದ ನನ್ನಪ್ಪ ಎದ್ದು ನಿಂತ. "ಮನಿ ಕೀಲಿ ಕೊಡ್ತೀವ್ರಿ. ಗುರ್ತಾ ಕೊಡಂಗಿಲ್ಲ. ಅಕ್ಕೋರದು ಖರೆ ಅದ." ಹಿಂದಿನಿಂದ ಇನ್ನೂ ನಾಲ್ಕಾರು ಜನ ಹೌದ್ಹೌದು ಅಂದರು. ಅಪ್ಪನ ಮೇಲೆ ಅಷ್ಟು ಹೆಮ್ಮೆ ನನಗೆ ಹಿಂದೆಂದೂ ಆಗಿರಲಿಲ್ಲ.

ಮೇಲ್ ಶುರುವಾಗುವವರೆಗೆ ನಾವಿಬ್ಬರೂ ಖರೀದಿದಾರರಿಗೆಲ್ಲ ಫೋನ್ ಮಾಡಿದೆವು. ಅಕ್ಕೋರ ದಕ್ಖನಿ ಉರ್ದು ಅಂದರೆ ಅರ್ಧ ಬೈಗುಳ, ಅರ್ಧ ಲಾಲಿ. ಕುರಿ ಮಾರಾಟವಾದವು. ಆಮೇಲೆ ಪ್ರೋಗ್ರಾಮಿಗೆ ತನ್ನದೇ ಕೀಲಿ ಬಂತು. ಅದರಿಂದ ಮೇಲ್ ಕಳಿಸಬಹುದು, ಬೇರೇನೂ ಆಗದು. ಅದನ್ನು ಪ್ರೋಗ್ರಾಮಿನಲ್ಲಿ ಬರೆಯದೆ ಕ್ಲೌಡಿನಲ್ಲೇ ಬೀಗದೊಳಗೆ ಇಟ್ಟೆವು. ಹೊರಗೆ ಹೋಗುವ ಮೇಲನ್ನು ದಾರಿಯಲ್ಲಿ ಯಾರೂ ಓದದಂತೆ ಮಾಡಿದೆವು. ಅಂದಿನಿಂದ ಯಾವ ಕಳ್ಳತನವೂ ಆಗಲಿಲ್ಲ. ಆಗದ್ದರಿಂದಲೇ ಅಕ್ಕೋರು ಮಾಡಿದ್ದು ಸರಿ ಅಂತ ಆಫೀಸಿನಲ್ಲಿ ಯಾರೂ ಒಪ್ಪಲೂ ಇಲ್ಲ.

ಸೆಕ್ರೆಟರಿ ಅವರನ್ನು ತಾಂಡೂರಿಗೆ ವರ್ಗ ಮಾಡಿಸಿದರು. ಪಾಸ್‌ವರ್ಡಿನ ಜವಾಬ್ದಾರಿ ನನ್ನ ಪಾಲಿಗೆ ಬಂತು. "ಅಲ್ಲೇನು ಕಂಪ್ಯೂಟರ್ ಇಲ್ಲೇನು?" ಅಂತ ಅಕ್ಕೋರು ಬ್ಯಾಗು ಹೆಗಲಿಗೇರಿಸಿದರು. ಹೊರಡುವ ಮುಂಚೆ ನನ್ನ ಗದ್ದ ಹಿಡಿದು ಹೇಳಿದರು: "ಯಾರು ಕೇಳಿದ್ರೂ ಕೊಡಬ್ಯಾಡ. ನಾ ಕೇಳಿದ್ರೂ ಕೊಡಬ್ಯಾಡ."

ಹೋದ ಮಳೆಗಾಲದಲ್ಲಿ ಅವರು ಕಾಯಿಲೆ ಬಿದ್ದರು. ನೋಡಲು ತಾಂಡೂರಿಗೆ ಹೋದೆ. ಹಾಸಿಗೆಯಲ್ಲಿ ಅಂಗೈಯಷ್ಟಾಗಿದ್ದರು. ನನ್ನನ್ನು ಕಂಡು ಮೆಲ್ಲಗೆ ಕೇಳಿದರು: "ಈಗ ಪಾಸ್‌ವರ್ಡ್ ಏನಿಟ್ಟೀಯವಾ? ಹೇಳು, ಸಾಯಾಕಿಗಿ ಹೇಳಿದ್ರ ಏನಾತು?" ನನಗೆ ಅಳು ಬಂತು. ಅಳುತ್ತಲೇ "ಕೊಡಂಗಿಲ್ರಿ ಅಕ್ಕೋರೆ" ಅಂದೆ. ಮುರಿದ ಹಲ್ಲು ಕಾಣುವ ಹಾಗೆ ನಕ್ಕರು. ಅದೇ ವಾರ ತೀರಿಕೊಂಡರು.

ಮಣ್ಣಿಗೆ ಸೆಕ್ರೆಟರಿಯೂ ಹಾರ ಹಿಡಿದು ಬಂದಿದ್ದರು. ಸೋಮವಾರ ನನ್ನ ಟೇಬಲ್ಲಿನ ಎದುರು ಕುರ್ಚಿ ಎಳೆದು ಕೂತರು. "ಅಕ್ಕೋರು ಹೋದ್ರು, ಪಾಪ. ಇನ್ನ ಆ ಹಟ ಯಾಕ? ಪಾಸ್‌ವರ್ಡ್ ಮೊದಲಿನಂಗ ಎಲ್ಲರಿಗೂ ಕೊಟ್ಟುಬಿಡವಾ, ಕೆಲಸ ಹಗುರ ಆಗ್ತದ."

ನನ್ನ ನಾಲಿಗೆ ಮುಂದಿನ ಹಲ್ಲಿಗೆ ಹೋಗಿ ಮುಟ್ಟಿತು. ನನ್ನ ಹಲ್ಲು ಮುರಿದಿಲ್ಲ.

"ಕೊಡಂಗಿಲ್ರಿ" ಅಂದೆ.