ಇದ್ ಹೌದಾ, ಅಕ್ಕ?

ನಮ್ಮ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ನನಗೊಂದು ಕೆಲಸವಿದೆ. ಸಂಬಳವಿಲ್ಲ, ಬೈಗುಳ ಧಾರಾಳ. ಬ್ರಹ್ಮಾವರದ ಹೈಸ್ಕೂಲೊಂದರಲ್ಲಿ ವಿಜ್ಞಾನ ಪಾಠ ಮಾಡಿ ನಿವೃತ್ತಳಾದವಳು ಎಂಬ ಒಂದೇ ಕಾರಣಕ್ಕೆ ಲೋಕದ ಸುದ್ದಿಯನ್ನೆಲ್ಲ ನನ್ನ ಮುಂದೆ ತಂದು ಸುರಿದು, "ಇದ್ ಹೌದಾ?" ಎಂದು ಕೇಳುತ್ತಾರೆ. ಇವತ್ತು ಆಕಾಶದಿಂದ ಕೆಟ್ಟ ಕಿರಣ ಬೀಳುತ್ತದೆ, ಮೊಬೈಲ್ ದೂರ ಇಟ್ಟು ಮಲಗಿ. ಬಿಸಿನೀರಿಗೆ ತೆಂಗಿನಕಾಯಿ ಚೂರು ಹಾಕಿ ಕುಡಿದರೆ ಕ್ಯಾನ್ಸರ್ ಮಾಯ, ಅಮೆರಿಕದ ವಿಜ್ಞಾನಿಗಳೇ ಒಪ್ಪಿದ್ದಾರಂತೆ! ಯಾವ ವಿಜ್ಞಾನಿ, ಯಾರ ಮೇಲೆ ಪರೀಕ್ಷೆ ಮಾಡಿದ್ದು ಎಂದು ಕೇಳಿದರೆ "ನಿಂಗೆ ಎಲ್ಲದ್ಕೂ ತಕರಾರ್" ಎನ್ನುತ್ತಾರೆ. ಇರಲಿ ಬಿಡಿ, ತಲೆ ಇದ್ದವರಿಗೆ ತಕರಾರು ಇರಲೇಬೇಕು. ನಾನು "ಸುಳ್ಳು" ಎಂದು ಒಂದು ಶಬ್ದ ಬರೆದು ಹಾಲು ಕಾಯಿಸಲು ಹೋಗುತ್ತಿದ್ದೆ.

ಬೈಂದೂರಿನ ಕಡೆಗೆ ಕೊಟ್ಟ ನನ್ನ ತಂಗಿ ಮಾತ್ರ ಈ ಗುಂಪಿನಲ್ಲಿ ಬಾಯಿ ಬಿಟ್ಟವಳಲ್ಲ. ಅವಳ ಗಂಡ ಆಳಸಮುದ್ರದ ಬೋಟಿಗೆ ಹೋಗುತ್ತಿದ್ದರು. ಮಳೆಗಾಲದ ರಜೆ ಮುಗಿದು ಬೋಟುಗಳು ಕಡಲಿಗೆ ಇಳಿದ ಹೊಸತರಲ್ಲಿ, ಒಂದು ಬೆಳಿಗ್ಗೆ ಜೊತೆಯವರು ಎದ್ದು ನೋಡುವಾಗ ಅವರು ಬೋಟಿನಲ್ಲಿ ಇರಲಿಲ್ಲ. ಚಪ್ಪಲಿ ಇತ್ತು, ಬೀಡಿಕಟ್ಟು ಇತ್ತು, ಮನುಷ್ಯ ಇಲ್ಲ. ಎಷ್ಟು ಹುಡುಕಿದರೂ ಹೆಣವೂ ಸಿಗಲಿಲ್ಲ.

ಆಮೇಲೆ ಅವಳೂ ಸುದ್ದಿ ಕಳಿಸತೊಡಗಿದಳು. ಗುಂಪಿಗಲ್ಲ, ನನಗೊಬ್ಬಳಿಗೇ. ಫೋಟೊ ಹಾಕಿದರೆ ಆ ಮನುಷ್ಯ ಬದುಕಿದ್ದಾನೋ ಇಲ್ಲವೋ ಹೇಳುವ ಎಐ ಬಂದಿದೆಯಂತೆ. "ಇದ್ ಹೌದಾ, ಅಕ್ಕ?" ಬೈಯಲು ಮನಸ್ಸು ಬರಲಿಲ್ಲ. ಪರೀಕ್ಷೆ ಮಾಡಿಯೇ ಹೇಳೋಣ ಎಂದು ಅಪ್ಪಯ್ಯನ ಫೋಟೊ ಹಾಕಿದೆ. ಅಪ್ಪಯ್ಯ ಹಂಗಾರಕಟ್ಟೆಯ ಮನೆಯಲ್ಲಿ ನನ್ನ ಕೈ ಹಿಡಿದುಕೊಂಡೇ ಹೋದವರು, ಎಷ್ಟೋ ವರ್ಷವಾಯಿತು. ಫೋನು ಸ್ವಲ್ಪ ಹೊತ್ತು ಗಿರ್ರನೆ ತಿರುಗಿ, "ಈ ವ್ಯಕ್ತಿ ಬದುಕಿದ್ದಾರೆ, ಆರೋಗ್ಯವಾಗಿದ್ದಾರೆ" ಎಂದಿತು. ಥತ್, ನಿನ್ನ! ಎಂದು ಫೋನು ಮಗುಚಿ ಹಾಕಿದೆ. ಆದರೆ ಸುಳ್ಳೇಕೆ ಹೇಳಲಿ, ಒಂದು ಗಳಿಗೆ ಎದೆ ಹಾರಿತು. ಬಾಗಿಲ ಕಡೆ ನೋಡಿಯೂ ಬಿಟ್ಟೆ. ಎಲ್ಲ ಗೊತ್ತಿದ್ದ ನನಗೇ ಹೀಗಾದರೆ ಅವಳಿಗೆ ಹೇಗಾಗಬೇಡ! "ಸುಳ್ಳ್ ಮಾರಾಯ್ತಿ, ಇದ್ ಅಪ್ಪಯ್ಯನ್ನೂ ಬದ್ಕ್ಸಿತ್" ಎಂದು ಬರೆದೆ. "ಹಾಂಗಾ" ಎಂದಳು, ಅಷ್ಟೇ.

ಅವಳ ಮನೆಗೆ ಹೋಗಲು ನನಗೆ ಹೆದರಿಕೆಯಾಗುತ್ತಿತ್ತು. ಬೋಟಿನಿಂದ ಬಂದ ಗಂಡಸರು ಮೈಯ ಉಪ್ಪು ತೊಳೆಯದೆ ಒಳಗೆ ಕೂರುವುದಿಲ್ಲ ಎಂದು ಆ ಮನೆಯಲ್ಲಿ ಹಂಡೆ ತುಂಬ ನೀರು ಕಾಯಿಸಿಡುವ ಕ್ರಮ. ಅವಳು ಈಗಲೂ ದಿನಾ ಸಂಜೆ ಬಚ್ಚಲ ಒಲೆಗೆ ಬೆಂಕಿ ಹಾಕುತ್ತಿದ್ದಳು. ಒಮ್ಮೆ ಕಾಲು ತೊಳೆಯಲು ಹೋದರೆ ಬಚ್ಚಲ ತುಂಬ ಹಬೆ, ಹಗ್ಗದ ಮೇಲೆ ಒಗೆದ ಲುಂಗಿ, ಯಾರೋ ಈಗಷ್ಟೇ ಮಿಂದು ಆಚೆ ಹೋದ ಹಾಗೆ. ದೆವ್ವವನ್ನು ನಂಬದ ನಾನು ಆ ಬಿಸಿನೀರಿಗೆ ಕೈ ಹಾಕಲು ಧೈರ್ಯ ಸಾಲದೆ ಬಾವಿಕಟ್ಟೆಗೆ ಹೋಗಿ ತಣ್ಣೀರಿನಲ್ಲಿ ಕಾಲು ತೊಳೆದು ಬಂದೆ.

ಹೆಣ ಸಿಗದಿದ್ದರೆ ದರ್ಭೆಯ ಬೊಂಬೆ ಮಾಡಿ, ಅದನ್ನೇ ಆ ಮನುಷ್ಯ ಎಂದುಕೊಂಡು ಸುಟ್ಟು, ಉಳಿದ ಕ್ರಿಯೆ ಮುಗಿಸುತ್ತಾರೆ. "ಮಗ ನೀರಡ್ಸಿ ತಿರ್ಗ್ತಾ ಇತ್ತ್, ಅದ್ಕೊಂದ್ ದಾರಿ ಮಾಡಿ" ಎಂದು ಅವಳ ಅತ್ತೆ ಕಂಡಕಂಡವರ ಹತ್ತಿರ ಅಳುತ್ತಿದ್ದರು. ತಂಗಿ ಒಪ್ಪುತ್ತಿರಲಿಲ್ಲ. ಬೊಂಬೆಗೆ ಬೆಂಕಿ ಇಟ್ಟರೆ ತಾನೇ ಕೊಂದಂತೆ ಎಂದು ಅವಳಿಗೆ. ಊಟ ಬಿಟ್ಟಳು, ನಿದ್ದೆ ಬಿಟ್ಟಳು, ಕಡ್ಡಿಯಂತಾದಳು. ಕೊನೆಗೆ ಅಂತೂ, ಬರುವ ಅಮಾವಾಸ್ಯೆಗೆ ಮುಗಿಸಿಬಿಡಿ ಎಂದಳು. ನನಗೆ ಬೊಂಬೆಯಲ್ಲಿ ನಂಬಿಕೆ ಇಲ್ಲ. ಆದರೂ ದೇವರೇ, ಇದೊಂದು ಆಗಿಹೋಗಲಿ, ಈ ಹೆಣ್ಣು ಒಮ್ಮೆ ಕಣ್ತುಂಬ ಮಲಗಲಿ ಎಂದು ಬೇಡಿಕೊಂಡೆ.

ಅಮಾವಾಸ್ಯೆ ಹತ್ತಿರ ಬಂದಾಗ ಇನ್ನೊಂದು ಸುದ್ದಿ ಕಳಿಸಿದಳು. ಎಲ್ಲೋ ದೂರದೇಶದ ಮೀನುಗಾರನೊಬ್ಬ ದೋಣಿ ಕೆಟ್ಟು, ತಿಂಗಳುಗಟ್ಟಲೆ ಕಡಲಲ್ಲಿ ತೇಲಿ, ಹಸಿ ಮೀನು ತಿಂದು, ಮಳೆನೀರು ಕುಡಿದು ಬದುಕಿ ಬಂದನಂತೆ. ಕೆಳಗೆ ಎಂದಿನ ಪ್ರಶ್ನೆ. ಸುಳ್ಳು ಎಂದು ಬರೆಯಹೊರಟವಳು ಕೈ ತಡೆದೆ. ನೋಡದೆ ಹೇಳಿಬಿಟ್ಟರೆ ನನಗೂ ತೆಂಗಿನಕಾಯಿ ಚೂರಿನವರಿಗೂ ಏನು ವ್ಯತ್ಯಾಸ? ಹುಡುಕಿದೆ. ಬೇರೆ ಬೇರೆ ದೇಶದ ಪತ್ರಿಕೆಗಳಲ್ಲಿ ಇತ್ತು. ಅವನನ್ನು ನೋಡಿದ ವೈದ್ಯರ ಮಾತಿತ್ತು. ನನ್ನಂಥ ತಕರಾರಿನವರೂ ಇದ್ದರು, ಅವರ ಪ್ರಶ್ನೆಗಳಿಗೆ ಸಿಕ್ಕ ಉತ್ತರವೂ ಇತ್ತು. ಒಂದು ಸುದ್ದಿ ಸುಳ್ಳಾಗಿರಲಿ ಎಂದು ನಾನು ಹಂಬಲಿಸಿದ್ದು ಅದೇ ಮೊದಲು. ಅದು ನಿಜವಾಗಿತ್ತು.

ಫೋನಿನಲ್ಲಿ ಹೇಳುವ ಮಾತಲ್ಲ ಎಂದು ಮರುದಿನವೇ ಬಸ್ಸು ಹತ್ತಿದೆ. ಕುಂದಾಪುರದಲ್ಲಿ ಬಸ್ಸು ಬದಲಿಸುವಾಗಲೂ ಮಾತು ಜೋಡಿಸುತ್ತಲೇ ಇದ್ದೆ. ತಂಗಿ ಜಗಲಿಯಲ್ಲಿ ಕೂತು ಗೆರಸೆಯಲ್ಲಿ ಅಕ್ಕಿ ಆರಿಸುತ್ತಿದ್ದಳು.

"ಎಂತ ಅಕ್ಕ, ಹೇಳ್ದೆ ಕೇಳ್ದೆ ಬಂದೆ?"

"ನೀ ಕಳ್ಸಿದ್ದ್ ಕಂಡೆ. ಅದ್ ನಿಜವೇ. ಆದ್ರೆ ಪೂರ್ತಿ ಕೇಣ್. ಅವ್ನ್ ಹತ್ರ ದೋಣಿ ಇದ್ದಿತ್, ಕೂಕಂಬುಕೆ ಒಂದ್ ಜಾಗ ಇದ್ದಿತ್. ನಿಮ್ಮನೆಯವ್ರ್ ಬರೀ ನೀರಿಗ್ ಬಿದ್ದದ್ದ್. ಅಲ್ಲಿಗೂ ಇಲ್ಲಿಗೂ ಸಂಬಂಧವೇ ಇಲ್ಲೆ."

ದಾರಿಯುದ್ದ ಜೋಡಿಸಿದ್ದನ್ನೆಲ್ಲ ಹೇಳಿದೆ. ಒಂದು ಅಪರೂಪ ನಡೆಯಿತೆಂದರೆ ಎಲ್ಲರಿಗೂ ನಡೆಯುತ್ತದೆ ಎಂದಲ್ಲ, ಬದುಕದೆ ಹೋದ ಸಾವಿರಾರು ಜನರ ಸುದ್ದಿಯನ್ನು ಯಾರೂ ಕಳಿಸುವುದಿಲ್ಲ ಎಂದೂ ಹೇಳಿದೆ. ಒಂದೂ ತಪ್ಪು ಮಾತಲ್ಲ. ಅವಳು ಮೊದಲ ಮಾತಿನ ಆಚೆಗೆ ಏನನ್ನೂ ಕೇಳಿಸಿಕೊಂಡಿರಲಿಲ್ಲ. ಗೆರಸೆಯನ್ನು ಪಕ್ಕಕ್ಕೆ ಇಟ್ಟಳು.

"ನೀ ಸುಳ್ಳ್ ಅಂತಿ ಅಂದೇಳಿಯೇ ಕಳ್ಸಿದ್ದ್ ನಾನ್" ಎಂದಳು. "ಇಷ್ಟ್ ದಿನ ಎಲ್ಲದ್ಕೂ ಸುಳ್ಳ್ ಅಂದೆ. ಇದೊಂದಕ್ಕೆ ಅಂಬುಕೆ ಆಯ್ಲಿಲ್ಯಾ ನಿಂಗೆ? ಅಷ್ಟ್ ಅಂದಿದ್ರೆ ಸಾಕಿದ್ದಿತ್, ನಾ ಎಲ್ಲ ಮುಗ್ಸಿ ಮನಿಕಂತಿದ್ದೆ."

ನಾನು ಅವಳ ಕೈ ಹಿಡಿಯಹೋದೆ. ಬಿಡಿಸಿಕೊಂಡಳು.

"ಈಗ ಬದ್ಕಿಪ್ಪವ್ರನ್ನ ಹ್ಯಾಂಗ್ ಸುಡುದ್, ಅಕ್ಕ? ನೀನೇ ಹೇಳ್."