ಕುಂಟಬಿಲ್ಲೆಯ ಏಳು ಮನೆ

ನಿಜಾಮ ಸರ್ಕಾರದ ನೌಕರಿಗೆ ಸೇರಿದ ಎರಡನೆಯ ವರ್ಷ ನನ್ನನ್ನು ಕಲಬುರಗಿಯ ಬ್ರಹ್ಮಪುರದಿಂದ ಕಮಲಾಪುರದ ಹೊಸ ಹೆಣ್ಣುಮಕ್ಕಳ ಶಾಲೆಗೆ ಹಾಕಿದರು. ಹೆಣ್ಣುಮಕ್ಕಳನ್ನು ಓದಿಸುವವರೇ ಅಪರೂಪವಾಗಿದ್ದ ಕಾಲ. ಮನೆಮನೆ ತಿರುಗಿ, ಕೈಕಾಲು ಹಿಡಿದು ಹತ್ತು-ಹನ್ನೆರಡು ಹುಡುಗಿಯರನ್ನು ಕೂಡಿಸಿದ್ದೆ. ಹಾಜರಿ ಇಳಿದರೆ ಶಾಲೆ ಮುಚ್ಚುತ್ತೇವೆಂದು ತನಿಖೆಯ ಸಾಹೇಬರು ಮೊದಲೇ ಎಚ್ಚರಿಸಿದ್ದರು.

ಐದಾರು ವರ್ಷದ ಮಕ್ಕಳು. ಪಾಟಿ-ಬಳಪ ಕಂಡರೆ ಅಳು. ಅದಕ್ಕೇ ಅಂಗಳದಲ್ಲಿ ಕುಂಟಬಿಲ್ಲೆಯ ಏಳು ಮನೆ ಬರೆದೆ. ಒಂದೊಂದು ಮನೆ ಒಂದೊಂದು ಸ್ವರ. ಕುಂಟುತ್ತ ಮುಂದಿನ ಮನೆಗೆ ಜಿಗಿದಂತೆ ದನಿಯೂ ಸಾ, ರಿ, ಗ ಎಂದು ಏರಬೇಕು. ತಪ್ಪಿದರೆ ಹಿಂದಿನ ಮನೆಗೆ ವಾಪಸ್ಸು. ಊರ ಗೌಡರ ಮಗಳು ನೀಲಮ್ಮ ಎಲ್ಲರಿಗಿಂತ ಚುರುಕು. ಆಕೆ ಒಂಟಿಕಾಲಲ್ಲಿ ನಿಂತು ಮೇಲಿನ ಸ್ವರ ಹಿಡಿದರೆ ನನಗೇ ಮೈ ಜುಮ್ಮೆನ್ನುತ್ತಿತ್ತು. ಮಕ್ಕಳು ಮನೆಯ ಅಂಗಳದಲ್ಲೂ ಇದೇ ಆಟ ಆಡತೊಡಗಿದರು.

ಒಂದು ಸೋಮವಾರ ಒಬ್ಬಳೂ ಶಾಲೆಗೆ ಬರಲಿಲ್ಲ. ಗಾಬರಿಯಾಗಿ ಗೌಡರ ಮನೆಗೆ ಹೋದೆ. ಅವರು ಮರ್ಯಾದೆಯಿಂದಲೇ ಕೂಡಿಸಿದರು.

"ಅಕ್ಕೋರೆ, ಬೀಸೋ ಪದ ಹಾಡ್ಲಿ, ತೊಟ್ಟಿಲ ಪದ ಹಾಡ್ಲಿ, ಯಾರು ಬ್ಯಾಡಂತಾರ? ಸರಿಗಮ ಅಂದ್ರ ಮೆಹಫಿಲಿನಾಗ ಗಂಡಸರ ಮುಂದ ಹಾಡೋ ಹೆಂಗಸರು ಕಲಿಯೋದು. ನಮ್ಮ ಹುಡುಗೀರಿಗೆ ಯಾಕ್ರಿ? ನೀವರ ಎಲ್ಲಿ ಕಲ್ತೀರಿ?"

"ನಮ್ಮವ್ವ ಕಲಿಸ್ಯಾಳ್ರಿ," ಎಂದೆ. "ಆಕಿ ಮೆಹಫಿಲಿನಾಗ ಹಾಡಾಕಿನೇ ರೀ."

ಹೇಳಿದ್ದು ನಿಜ. ಆದರೆ ಹೇಳುವಾಗ ದನಿ ಉಡುಗಿತು, ತಲೆ ತಗ್ಗಿತು. ಹಾಡಿ ಹಾಡಿಯೇ ನನ್ನನ್ನು ಓದಿಸಿದ ಅವ್ವನ ವಿಷಯವನ್ನು ಕಳ್ಳತನ ಒಪ್ಪಿಕೊಂಡವಳಂತೆ ಹೇಳಿದೆ. ಈಗಲೂ ನೆನೆದರೆ ಮುಖ ಬಿಸಿಯಾಗುತ್ತದೆ. ಬಾಗಿಲ ಮರೆಯಲ್ಲಿ ನಿಂತ ನೀಲಮ್ಮ ನನ್ನನ್ನೇ ನೋಡುತ್ತಿದ್ದಳು.

ಗೌಡರು ಮಗಳಿಗೆ ಒಳಗೆ ಹೋಗೆಂದು ಕೈ ಮಾಡಿದರು. "ಆ ಮಾತು ಇಲ್ಲೇ ಇರ್ಲಿ. ಸರಿಗಮ ಬಿಡ್ರಿ, ಹುಡುಗೀರನ್ನ ನಾಳೆನೇ ಕಳಸ್ತೀವಿ," ಎಂದರು.

ಒಪ್ಪಿದೆ. ಶಾಲೆ ಉಳಿಯಬೇಕಿತ್ತು. ಅವತ್ತೇ ಅಂಗಳಕ್ಕೆ ಸಗಣಿ ಸಾರಿಸಿ ಗೆರೆಗಳನ್ನು ಅಳಿಸಿದೆ. ಮರುದಿನ ಮಕ್ಕಳೆಲ್ಲ ಬಂದರು, ನಿಧಾನಕ್ಕೆ ಓದು ಬರಹವನ್ನೂ ಕಲಿತರು.

ಸರಿಗಮ ಬಿಟ್ಟು ವಾರ ಕಳೆದಿರಬೇಕು. ನೀಲಮ್ಮ ಪಾಟಿ ಒರೆಸುತ್ತ ತನ್ನ ಪಾಡಿಗೆ ತಾನು ಗುನುಗುತ್ತಿದ್ದಳು. ನನ್ನನ್ನು ಕಂಡವಳೇ ಗಪ್ಪನೆ ಬಾಯಿಗೆ ಕೈ ಅಡ್ಡ ಹಿಡಿದಳು.

"ತಪ್ಪಾಯ್ತ್ರಿ ಅಕ್ಕೋರೆ," ಎಂದು ತಲೆ ತಗ್ಗಿಸಿದಳು. ಆ ದನಿ ಥೇಟು ಗೌಡರ ಮನೆಯಲ್ಲಿ ಉಡುಗಿದ ನನ್ನದೇ ದನಿ.

ಆಮೇಲೆ ಬೇರೆ ಊರಿನ ಶಾಲೆಗಳಲ್ಲಿ ನಿವೃತ್ತಿಯವರೆಗೂ ಮಕ್ಕಳಿಗೆ ಹಾಡು ಕಲಿಸಿದ್ದೇನೆ. ಒಂದು ಸ್ವರ ಗಂಟಲಲ್ಲಿ ಕೂಡಬೇಕಾದರೆ ತಿಂಗಳುಗಟ್ಟಲೆ ಆಡಿಸಬೇಕು, ಹಾಡಿಸಬೇಕು. ನಾಚಿಕೆ ಕಲಿಸಲು ನಾನಾಡಿದ ಆ ಒಂದು ಮಾತೇ ಸಾಕಾಯಿತು.